ಕುಚ್ಚಿನ ಕಿಟ್: ದಾರ ಚೊಕ್ಕ, ಕಡ್ಡಿ ಮಾತ್ರ ಬೇಡ

ದಾವಣಗೆರೆಯ ಚೌಕಿಪೇಟೆ ಕಡೆಯ ದಾರ-ಮಣಿ ಅಂಗಡಿಯೊಂದರಲ್ಲಿ ಸಿಗುವ ಸೀರೆ ಕುಚ್ಚಿನ ಕಿಟ್ ಇದು. ಎರಡು ಬಣ್ಣದ ಆರ್ಟ್ ಸಿಲ್ಕ್ ರೀಲು, ಒಂದು ಜರಿ ರೀಲು, ಒಂದು ಪೊಟ್ಟಣ ಮಣಿ, ಕ್ರೋಶಾ ಕಡ್ಡಿ, ಪುಟ್ಟ ಅಂಟಿನ ಬಾಟಲಿ ಇರುತ್ತದೆ. ಕಿಟ್ ಕೊಳ್ಳಬೇಡಿ, ದಾರ ಮಾತ್ರ ಬಿಡಿಯಾಗಿ ತನ್ನಿ.

ದಾರ ನಿಜಕ್ಕೂ ಚೆನ್ನಾಗಿದೆ. ಹೊಳಪು ಸಮ, ನಡುವೆ ಗಂಟಿಲ್ಲ. ಹೆಸರಿಗೆ ಸಿಲ್ಕ್, ಅಸಲಿಗೆ ರೇಯಾನ್. ಎರಡಿಂಚು ಸುಟ್ಟರೆ ಗೊತ್ತಾಗುತ್ತದೆ: ಕಾಗದದ ಹಾಗೆ ಉರಿದು ಬೂದಿಯಾಗುವುದು ರೇಯಾನ್, ಕರಗಿ ಗಟ್ಟಿ ಗುಂಡಾಗುವುದು ಪಾಲಿಯೆಸ್ಟರ್, ಕೂದಲು ಸುಟ್ಟ ವಾಸನೆ ಬರುವುದು ರೇಷ್ಮೆ. ಮೇಣದಬತ್ತಿಗೆ ತೋರಿಸಿ ತುದಿ ಮುಚ್ಚುವ ಅಭ್ಯಾಸವಿದ್ದವರು ಇಲ್ಲಿ ಕೈ ತಡೆಯಬೇಕು, ದಾರ ಉರಿದುಹೋಗುತ್ತದೆ.

ಬಣ್ಣ ಬಿಡುತ್ತದೆಯೇ ಎಂಬುದನ್ನು ಮೊದಲೇ ನೋಡಿ. ಒಂದು ಎಳೆಯನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಒತ್ತಿಡಿ. ಕಿಟ್‌ನ ಹಸಿರು ಏನೂ ಬಿಡಲಿಲ್ಲ, ಕುಂಕುಮ ಕೆಂಪು ಸಣ್ಣಗೆ ಬಿಟ್ಟಿತು. ತಿಳಿ ಬಣ್ಣದ ಸೆರಗಿಗೆ ಆ ಕೆಂಪು ಬೇಡ.

ಅಳತೆಯ ಲೆಕ್ಕ ಹೀಗೆ. ಎರಡೂವರೆ ಇಂಚಿನ ರಟ್ಟಿಗೆ 20 ಸುತ್ತು ಸುತ್ತಿದರೆ ಒಂದು ಕುಚ್ಚು. ಸುತ್ತಿಗೆ 5 ಇಂಚಿನಂತೆ 100 ಇಂಚು, ಅಂದರೆ ಸುಮಾರು ಎರಡೂವರೆ ಮೀಟರ್. 46 ಇಂಚಿನ ಸೆರಗಿಗೆ ಇಂಚಿಗೊಂದರಂತೆ 46 ಕುಚ್ಚು, ಹತ್ತಿರತ್ತಿರ 117 ಮೀಟರ್. ಕಟ್ಟುವ ದಾರ, ಕತ್ತರಿಸಿ ಹೋಗುವುದು ಸೇರಿ 150 ಮೀಟರ್ ಇಟ್ಟುಕೊಳ್ಳಿ. ಬೇಬಿ ಕುಚ್ಚಿಗೆ, ಅಂದರೆ ಸರಪಳಿಯಿಲ್ಲದೆ ಕಟ್ಟುವ ಸಣ್ಣ ಕುಚ್ಚಿಗೆ, ಕಿಟ್‌ನ ರೀಲು ಸಾಕಾಗುತ್ತದೆ. ಕ್ರೋಶಾ ಸರಪಳಿ ಹಾಕಿ ಅದರ ಮೇಲೆ ಕುಚ್ಚು ಕಟ್ಟುವುದಾದರೆ ಸಾಲದು.

ಇನ್ನು ಕಡ್ಡಿ. ಕೊಟ್ಟಿರುವುದು 2 ಮಿಲಿಮೀಟರಿನದು. ಉಲ್ಲನ್ ಟೋಪಿಗೂ ತೆಳುವಾಯಿತು, ರೇಷ್ಮೆ ಸೆರಗಿಗೆ ದಪ್ಪವಾಯಿತು, ಯಾರಿಗಾಗಿ ಇಟ್ಟರೋ! ಮೊಳಕಾಲ್ಮೂರು ಸೀರೆಯಂಥ ಒತ್ತು ನೇಯ್ಗೆಗೆ ಇದನ್ನು ನೇರ ಚುಚ್ಚಿದರೆ ಎಳೆ ಪಕ್ಕಕ್ಕೆ ಸರಿಯುವ ಬದಲು ತುಂಡಾಗುತ್ತದೆ. ಆ ತೂತು ಮುಂದೆ ಕುಚ್ಚಿನ ಭಾರಕ್ಕೆ ಹಿಗ್ಗುತ್ತದೆ. 1 ಮಿಲಿಮೀಟರ್ ಅಥವಾ ಅದಕ್ಕಿಂತ ಸಣ್ಣ ಸ್ಟೀಲ್ ಕಡ್ಡಿ ಬೇಕು. ಆಗಲೂ ಮೊದಲು ಸೂಜಿಯಿಂದ ದಾರಿ ಮಾಡಿ, ದಾರ ಸಿಕ್ಕಿಸಿ ಹೊರಗೆಳೆಯುವಾಗ ಕೊಕ್ಕೆಯ ಬಾಯಿ ಕೆಳಮುಖ ಇರಲಿ. ಮೇಲ್ಮುಖವಾದರೆ ಸೆರಗಿನ ಜರಿ ಎಳೆಯೂ ಜೊತೆಗೇ ಬರುತ್ತದೆ. ಅಂಚಿಗೆ ಜಿಗ್‌ಜಾಗ್ ಹಾಕಿಸಿ, ಅದರಿಂದ ಕಾಲಿಂಚು ಒಳಗೆ ಚುಚ್ಚಿ.

ಜರಿ ಪರವಾಗಿಲ್ಲ. ಆದರೆ ನುಣುಪು ರೇಯಾನ್ ಮೇಲೆ ನುಣುಪು ಜರಿ ಸುತ್ತಿದರೆ ಕುಚ್ಚಿನ ಕುತ್ತಿಗೆಯ ಕಟ್ಟು ಕೆಳಗೆ ಜಾರಿಯೇ ಜಾರುತ್ತದೆ. ಮೊದಲು ಅದೇ ಬಣ್ಣದ ಹತ್ತಿ ಹೊಲಿಗೆ ದಾರದಿಂದ ಎರಡು ಸುತ್ತು ಬಿಗಿದು, ಅದರ ಮೇಲೆ ಜರಿ ಐದು ಸುತ್ತು ಹಾಕಿದರೆ ಅಲುಗುವುದಿಲ್ಲ.

ಮಣಿಯ ತೂತು ಸಣ್ಣದು, ಆರೆಳೆ ದಾರ ತೂರುವುದಿಲ್ಲ. ದಾರದ ತುದಿ ಒಂದಿಂಚಿಗೆ ಉಗುರುಬಣ್ಣ ಸವರಿ, ಒಣಗಿದ ಮೇಲೆ ಓರೆಯಾಗಿ ಕತ್ತರಿಸಿದರೆ ಹೋಗುತ್ತದೆ. ಆದರೆ ಪ್ಲಾಸ್ಟಿಕ್ ಮಣಿ, ಇಸ್ತ್ರಿ ತಾಗಿದರೆ ಲೇಪ ಹೋಯಿತು. ಅಂಟು ನೀರುನೀರು: ಬಾಟಲಿಯಿಂದ ನೇರ ಹಾಕಿದರೆ ರೇಷ್ಮೆಗೆ ಹರಡಿ ಕಪ್ಪು ಕಲೆ, ಗಟ್ಟಿ ಚುಕ್ಕೆ. ಸೂಜಿಮೊನೆಯಲ್ಲಿ ತೆಗೆದು ಗಂಟಿಗಷ್ಟೇ ಮುಟ್ಟಿಸಿ.

ರೀಲಿನಿಂದ ಬಿಚ್ಚಿದ ಕುಚ್ಚು ಗುಂಗುರಾಗಿ ನಿಲ್ಲುತ್ತದೆ. ಕುದಿಯುವ ನೀರಿನ ಹಬೆಗೆ ಐದಾರು ಸೆಕೆಂಡು ಹಿಡಿದು ಬಾಚಿದರೆ ನೇರ. ಆಮೇಲೆ ಕಾಗದ ಸುತ್ತಿ ತುದಿ ಕತ್ತರಿಸಿ. ಹಬೆಗೆ ಮೊದಲೇ ಕತ್ತರಿಸಿದರೆ ಉದ್ದ ಹೆಚ್ಚುಕಮ್ಮಿ.

ಅಂಗಡಿಯ ನಡವಳಿಕೆಗೆ ಪೂರ್ತಿ ಅಂಕ. ಟ್ಯೂಬ್‌ಲೈಟಿನಲ್ಲಿ ಬಣ್ಣ ಹೊಂದಿಸುತ್ತ ನಿಂತರೆ, "ಬಿಸಿಲಿಗೆ ಹಿಡ್ದು ನೋಡ್ರಿ ಅಕ್ಕಾ, ಒಳಗೆ ಎಲ್ಲಾ ಒಂದೇ ಥರ ಕಾಣ್ತಾವೆ" ಎಂದು ತಾವೇ ಹೊರಗೆ ಕಳಿಸುತ್ತಾರೆ. ಸೀರೆ ಒಯ್ಯಿರಿ. ಬೇಕಾದಷ್ಟು ರೀಲು ಒಟ್ಟಿಗೆ, ರೀಲಿನ ಚೀಟಿಯಲ್ಲಿ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ್ದರ ಗುರುತು) ಒಂದೇ ಇರುವುದನ್ನು ನೋಡಿ ತನ್ನಿ. ಮುಂದಿನ ವಾರದ ಮಾವಿನಹಸಿರು ಈ ವಾರದ್ದಕ್ಕೆ ಕೂಡದೆ ಇರಬಹುದು, ಪಕ್ಕಪಕ್ಕ ಕಟ್ಟಿದಾಗ ಆ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ.