ಫಿಲ್ಟರ್ ಕಾಫಿಗೆ ಓಟ್ಸ್, ಸೋಯಾ, ಬಾದಾಮಿ ಹಾಲು: ಕೆಲವು ವರ್ಷ ಬಳಸಿದ ಮೇಲೆ

ಹಾಲಿನಲ್ಲಿರುವ ಸಕ್ಕರೆ, ಅಂದರೆ ಲ್ಯಾಕ್ಟೋಸ್, ನನಗೆ ಜೀರ್ಣವಾಗುವುದಿಲ್ಲ. ಮೊಸರು, ಮಜ್ಜಿಗೆ ಹೇಗೋ ನಡೆಯುತ್ತದೆ, ಹಾಲು ಮಾತ್ರ ಆಗದು. ಆದರೆ ಬೆಳಗ್ಗೆ ಕಾಫಿ ಬೇಕೇ ಬೇಕು. ಹಾಗಾಗಿ ಬೆಂಗಳೂರಿನ ಅಂಗಡಿ, ಆ್ಯಪ್‌ಗಳಲ್ಲಿ ಸಿಗುವ ಗಿಡಮೂಲದ ಹಾಲನ್ನೆಲ್ಲ ಕೆಲವು ವರ್ಷಗಳಿಂದ ಡಿಕಾಕ್ಷನ್‌ಗೆ ಹಾಕಿ ಕುಡಿಯುತ್ತಿದ್ದೇನೆ.

ಮೊದಲು ಬಾದಾಮಿಯದ್ದು ಮುಗಿಸಿಬಿಡೋಣ. ಪೊಟ್ಟಣ ತಿರುಗಿಸಿ ನೋಡಿ, ಹೆಚ್ಚಿನವುಗಳಲ್ಲಿ ಬಾದಾಮಿ ನೂರಕ್ಕೆ ಎರಡು ಮೂರು ಭಾಗ, ಉಳಿದದ್ದು ನೀರು. ಕಾಫಿಗೆ ಹಾಕಿದರೆ ನೀರು ಕಾಫಿಯೇ. ಬೇಡ.

ಓಟ್ಸ್ ಹಾಲು ಬೇರೆ ಕಥೆ. ಇದನ್ನು ಶುರುಮಾಡಿದ್ದು ಸ್ವೀಡನ್‌ನ ಲುಂಡ್ ವಿಶ್ವವಿದ್ಯಾಲಯದ ರಿಕಾರ್ಡ್ ಓಸ್ಟೆ, 1990ರ ದಶಕದಲ್ಲಿ, ಲ್ಯಾಕ್ಟೋಸ್ ಆಗದವರಿಗಾಗಿಯೇ, ಅಂದರೆ ನಮ್ಮಂಥವರಿಗೇ. ಓಟ್ಸ್‌ನ ಪಿಷ್ಟವನ್ನು ಕಿಣ್ವ ಹಾಕಿ ಒಡೆಯುತ್ತಾರೆ, ಆಗ ಮಾಲ್ಟೋಸ್ ಅನ್ನುವ ಸಕ್ಕರೆ ಹುಟ್ಟುತ್ತದೆ. ಅದಕ್ಕೇ ಮೇಲೆ 'ಸಕ್ಕರೆ ಸೇರಿಸಿಲ್ಲ' ಅಂತ ಬರೆದಿದ್ದರೂ ನಾಲಿಗೆಗೆ ಸಿಹಿ ಹತ್ತುತ್ತದೆ. ಮನೆಯಲ್ಲಿ ಶುಗರ್ ಇರುವವರಿದ್ದರೆ ಹಿಂದಿನ ಪಟ್ಟಿಯಲ್ಲಿ ಒಟ್ಟು ಸಕ್ಕರೆ ಎಷ್ಟಿದೆ ಅಂತ ನೋಡಿಯೇ ತನ್ನಿ.

ಕಾಫಿಗೆ ಇದೇ ನನ್ನ ಆಯ್ಕೆ, ಆದರೆ ದಯವಿಟ್ಟು ಉಕ್ಕಿಸಬೇಡಿ! ನಮಗೆ ಹಾಲು ಅಂದರೆ ಕಾಯಿಸಿ ಉಕ್ಕಿಸುವುದು ಅಭ್ಯಾಸ, ಅಲ್ವಾ? ಇದನ್ನು ಹಾಗೆ ಮಾಡಿದರೆ ಪಿಷ್ಟ ಗಟ್ಟಿಯಾಗಿ ಗಂಜಿ ಆಗುತ್ತದೆ. ಸಣ್ಣ ಉರಿಯಲ್ಲಿ ಬಿಸಿಮಾಡಿ, ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡ ಕೂಡಲೇ ಇಳಿಸಿ. ಡಿಕಾಕ್ಷನ್ ಮಾಮೂಲಿಗಿಂತ ಸ್ವಲ್ಪ ಸ್ಟ್ರಾಂಗ್ ಇರಲಿ. ಪೊಟ್ಟಣದ ಮೇಲೆ 'ಬರಿಸ್ತಾ' (ಕಾಫಿಗೆಂದೇ ಮಾಡಿದ್ದು) ಅಂತ ಇರುವುದನ್ನೇ ಕೊಳ್ಳಿ, ಅದರಲ್ಲಿ ಎಣ್ಣೆ ಅಂಶ ಸ್ವಲ್ಪ ಜಾಸ್ತಿ, ಕಾಫಿಯ ಹುಳಿಗೆ ಒಡೆಯದಂತೆ ತಡೆಯುವ ಲವಣವೂ ಇರುತ್ತದೆ. ಲೋಟದಿಂದ ಬಟ್ಟಲಿಗೆ ಎತ್ತಿ ಸುರಿದರೆ ನೊರೆ ಚೆನ್ನಾಗಿಯೇ ಬರುತ್ತದೆ.

ಸೋಯಾ ಹಾಲಿನಲ್ಲಿ ಪ್ರೋಟೀನ್ ಹಸುವಿನ ಹಾಲಿಗೆ ಹತ್ತಿರ, 100 ಮಿಲಿಗೆ ಸುಮಾರು 3 ಗ್ರಾಂ. ಓಟ್ಸ್‌ನಲ್ಲಿ 1 ಗ್ರಾಂ ಆಸುಪಾಸು ಅಷ್ಟೆ. ಆದರೆ ಸೋಯಾ ಬಿಸಿ ಕಾಫಿಯಲ್ಲಿ ಒಡೆಯುತ್ತದೆ, ಹುಳಿ ಜಾಸ್ತಿ ಇರುವ, ಕಡಿಮೆ ಹುರಿದ ಅರೇಬಿಕಾ ಪುಡಿಯಲ್ಲಂತೂ ತಪ್ಪಿದ್ದಲ್ಲ. ಹಸಿ ವಾಸನೆ ಬೇರೆ. ಆದರೂ ಇದಕ್ಕೆ ಹೆಪ್ಪು ಹಾಕಿದರೆ ಮೊಸರು ಆಗುತ್ತದೆ, ಓಟ್ಸ್‌ಗೆ ಆ ಭಾಗ್ಯ ಇಲ್ಲ.

ಇನ್ನು ಬೆಲೆ. ನಂದಿನಿ ನೀಲಿ ಪೊಟ್ಟಣ ಲೀಟರ್‌ಗೆ ₹50ರ ಒಳಗಿದೆ, ಓಟ್ಸ್ ಹಾಲಿಗೆ ಅದರ ಐದಾರು ಪಟ್ಟು ಕೊಡಬೇಕು. 2025ರ ಸೆಪ್ಟೆಂಬರ್ 22ರಿಂದ ಇವುಗಳ ಜಿಎಸ್‌ಟಿ 18ರಿಂದ ಶೇ 5ಕ್ಕೆ ಇಳಿಯಿತು (ಸೋಯಾಕ್ಕೆ ಮೊದಲು 12 ಇತ್ತು). ಒಳ್ಳೆಯದೇ, ಆದರೂ ಮನೆಮಂದಿಗೆಲ್ಲ ಇದನ್ನೇ ತರುವ ಮಾತು ಇಲ್ಲ. ಉದ್ಯಮ ಬೆಳೆಯುತ್ತಿದೆ ಅನ್ನುವುದು ನಿಜ, ಮೊದಲು ಸೋಯಾ ಒಂದೇ ಇರುತ್ತಿದ್ದ ಕಪಾಟಿನಲ್ಲಿ ಈಗ ಸಾಲುಸಾಲು ಪೊಟ್ಟಣ. ಆದರೆ ಓಟ್ಸ್ ಹಾಲು ಮಾಡುವ ಸ್ವೀಡನ್‌ನ ಓಟ್ಲಿ ಕಂಪನಿಯನ್ನೇ ನೋಡಿ: 2021ರ ಮೇನಲ್ಲಿ ಅಮೆರಿಕದ ಷೇರುಪೇಟೆ ನ್ಯಾಸ್ಡಾಕ್‌ನಲ್ಲಿ 17 ಡಾಲರ್‌ಗೆ ಷೇರು ಬಿಟ್ಟರು, 2022ರ ಕೊನೆಗೆ ಅದು 5 ಡಾಲರ್‌ಗಿಂತಲೂ ಕೆಳಗೆ. ಎಲ್ಲರೂ ಹಸುವಿನ ಹಾಲು ಬಿಟ್ಟುಬಿಡುತ್ತಾರೆ ಅಂತ ಹೂಡಿದವರ ಲೆಕ್ಕ ಅಲ್ಲಿಯೇ ತಪ್ಪಿತು. ನನ್ನಂಥವರು ಕೊಳ್ಳುವುದು ದಿನಕ್ಕೊಂದು ಲೋಟಕ್ಕೆ ಮಾತ್ರ.

ಹುಡುಕುವಾಗ ಒಂದು ವಿಷಯ: 2021ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆನ್‌ಲೈನ್ ಅಂಗಡಿಗಳಿಗೆ ಹೇಳಿದ ಮೇಲೆ ಇವನ್ನು 'ಹಾಲು' ಅಂತ ಮಾರುವ ಹಾಗಿಲ್ಲ, 'ಡ್ರಿಂಕ್', 'ಬೆವರೇಜ್' ಅಂತ ನೋಡಿ. ಒಂದು ಡೆಲಿವರಿ ಆ್ಯಪ್‌ನವರು ನನಗೆ ಅವಧಿ ಮುಗಿಯಲು ಬಂದ ಪೊಟ್ಟಣಗಳನ್ನೇ ಕಳಿಸುತ್ತಿದ್ದರು, ದಿನಾಂಕ ನೋಡಿಯೇ ತೆಗೆದುಕೊಳ್ಳಿ. ಪೊಟ್ಟಣ ತೆರೆದ ಮೇಲೆ ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ. ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿ, ಸೇರಿಸಿದ ಕ್ಯಾಲ್ಸಿಯಂ ತಳದಲ್ಲೇ ಕೂತಿರುತ್ತದೆ. ಪಾಯಸಕ್ಕೆ, ಒತ್ತು ಶ್ಯಾವಿಗೆಗೆ ಮಾತ್ರ ಇದ್ಯಾವುದೂ ಬೇಡ, ತೆಂಗಿನಕಾಯಿ ತುರಿದು ಹಾಲು ಹಿಂಡಿಕೊಳ್ಳಿ.