ಕಿಡ್ನಿ ಕೊಡುವವರಿಗೆ ಈ ಆಸ್ಪತ್ರೆ ಹೇಗೆ? (ಡಾಕ್ಟರ್‌ಗಳಿಗಿಂತ ನರ್ಸ್‌ಗಳ ಬಗ್ಗೆಯೇ ಜಾಸ್ತಿ)

ಅಣ್ಣನಿಗೆ ಅತ್ತಿಗೆಯೇ ಕಿಡ್ನಿ ಕೊಟ್ಟರು. ಆಪರೇಷನ್ ಆದದ್ದು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಹೆಸರು ಹಾಕುವುದಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ನಾವು ದೊಡ್ಡ ಕಾಯಿಲೆ ಅಂದರೆ ತಲಪಾಡಿ ಗಡಿ ದಾಟಿಯೇ ಹೋಗುವುದು ಅಲ್ವಾ. ಡಾಕ್ಟರ್‌ಗಳ ಮೇಲೆ ನಮ್ಮ ದೂರಿಲ್ಲ.

ಮೊದಲು ಒಳ್ಳೆಯದು ಹೇಳುತ್ತೇನೆ. ಕೋಆರ್ಡಿನೇಟರ್ ಕೆಲಸ (ಕೊಡುವವರು, ಪಡೆಯುವವರು, ಡಾಕ್ಟರ್‌ಗಳ ನಡುವೆ ಎಲ್ಲ ಹೊಂದಿಸುವುದು) ನೋಡುವ ಹಿರಿಯ ಸಿಸ್ಟರ್ ಒಬ್ಬರಿದ್ದಾರೆ. ನಮ್ಮನ್ನೆಲ್ಲ ಹೊರಗೆ ಕೂರಿಸಿ ಅತ್ತಿಗೆ ಒಬ್ಬರನ್ನೇ ಒಳಗೆ ಕರೆದು ತುಂಬಾ ಹೊತ್ತು ಮಾತಾಡಿದರು. ಅಮ್ಮನಿಗೆ ಸಿಟ್ಟು ಬಂತು, "ಗಂಡನಿಗೆ ಕೊಡಲಿಕ್ಕೆ ಇವರದ್ದೆಂತ ವಿಚಾರಣೆ?" ಅಂತ. ಆದರೆ ಕೊಡುವವರು ಹೆಂಗಸಾದರೆ ಹೆಚ್ಚು ಜಾಗ್ರತೆ ಬೇಕು, ಅವರ ಒಪ್ಪಿಗೆಯನ್ನು ಕಿಡ್ನಿ ಪಡೆಯುವವರಲ್ಲದೆ ಬೇರೊಬ್ಬರು ಖಚಿತ ಮಾಡಬೇಕು ಅಂತ 2014ರ ಅಂಗಾಂಗ ಕಸಿ ನಿಯಮದಲ್ಲೇ ಇದೆ. ನಮ್ಮ ದೇಶದಲ್ಲಿ ಬದುಕಿರುವಾಗ ಕೊಡುವವರಲ್ಲಿ ಹೆಂಗಸರೇ ಜಾಸ್ತಿ, ಪಡೆಯುವವರಲ್ಲಿ ಗಂಡಸರು ಜಾಸ್ತಿ. ಸುಮ್ನೆ ಬಂದ ನಿಯಮ ಅಲ್ಲ ಅದು. "ಬೇಡ ಅನಿಸಿದರೆ ಈಗಲೇ ಹೇಳಿ, ಹೊಂದಿಕೆ ಆಗಲಿಲ್ಲ ಅಂತ ಮನೆಯವರಿಗೆ ನಾವೇ ಹೇಳುತ್ತೇವೆ" ಅಂದರಂತೆ ಆ ಸಿಸ್ಟರ್. ಅತ್ತಿಗೆ ಇದನ್ನು ನನಗೆ ಹೇಳಿದ್ದು ಮನೆಗೆ ಬಂದ ಮೇಲೆ.

ದಾಖಲೆಯ ವಿಷಯದಲ್ಲೂ ಅವರೇ ನೆರವಾದರು. ನಮ್ಮ ರೇಷನ್ ಕಾರ್ಡ್, ವಿಲೇಜ್ ಆಫೀಸಿನ ಕಾಗದ ಎಲ್ಲ ಮಲಯಾಳದಲ್ಲಿ. ಕೌಂಟರಿನ ಹುಡುಗ ತಲೆ ಕೆರೆದುಕೊಂಡ, ಕಣ್ಣೂರಿನ ಈ ಸಿಸ್ಟರ್ ಓದಿ ಹೇಳಿದರು.

ಇನ್ನು ವಾರ್ಡ್. ಇಲ್ಲಿ ಬೇಜಾರಾಯಿತು ಮಾರಾಯ್ರೇ. ಆಪರೇಷನ್ ಆದ ರಾತ್ರಿ ಎಲ್ಲರ ಗಮನ ಐಸಿಯುನಲ್ಲಿದ್ದ ಅಣ್ಣನ ಮೇಲೆ, ಅತ್ತಿಗೆ ನೋವು ಅಂದರೆ ಒಬ್ಬಳು ನರ್ಸ್ "ನಿಮಗೆ ಕಾಯಿಲೆ ಏನೂ ಇಲ್ಲವಲ್ಲ, ಗಂಡನಿಗಾಗಿ ಅಲ್ವಾ, ಸ್ವಲ್ಪ ತಡ್ಕೊಳ್ಳಿ" ಅಂತ ನಗುತ್ತಾ ಹೋದಳು. ಕಾಯಿಲೆ ಇಲ್ಲದವರು ನಡೆದುಕೊಂಡು ಬಂದು ಹೊಟ್ಟೆ ಕೊಯ್ಯಿಸಿಕೊಂಡಿದ್ದಾರೆ, ಅವರಿಗೆ ಮಾತ್ರೆ ಬೇಗ ಕೊಡುವುದು ಬೇಡವಾ? ಲ್ಯಾಪರೊಸ್ಕೋಪಿಗೆ (ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಹೊಟ್ಟೆಯೊಳಗೆ ಗ್ಯಾಸ್ ತುಂಬಿಸುವ ಕಾರಣ ಆಮೇಲೆ ಭುಜ ನೋಯುವುದುಂಟು. ಅದನ್ನೂ ಯಾರೂ ಮೊದಲೇ ಹೇಳಿರಲಿಲ್ಲ, ಹಾರ್ಟ್ ಏನೋ ಆಯಿತು ಅಂತ ನಾವು ಹೆದರಿದ್ದೆವು.

ಇನ್ನೊಬ್ಬ ಚಿಕ್ಕ ಪ್ರಾಯದ ಸಿಸ್ಟರ್ ಹತ್ತಿರ ಕೇಳಿದೆ, ನೀವಾದರೆ ಕೊಡುತ್ತಿದ್ದಿರಾ ಅಂತ. ಅವರು ಯೋಚಿಸಿ, "ಮಗುವಿಗಾದರೆ ಕೊಡುವೆ, ಬೇರೆಯವರಿಗೆ ಗೊತ್ತಿಲ್ಲ, ದಿನಾ ಈ ವಾರ್ಡ್ ನೋಡ್ತೇನಲ್ಲ" ಅಂದರು. ದಾನ ಮಹಾದಾನ ಅಂತ ಗೋಡೆ ಮೇಲೆ ಅಂಟಿಸಿದ ಪೋಸ್ಟರ್‌ಗಿಂತ ಈ ಉತ್ತರ ನನಗೆ ಇಷ್ಟವಾಯಿತು. ನೋವಿನ ಮಾತ್ರೆ ಹೊತ್ತಿಗೆ ಸರಿಯಾಗಿ ತಂದು ಕೊಟ್ಟವರೂ ಅವರೇ.

ಡಿಸ್ಚಾರ್ಜ್ ದಿನ ಅತ್ತಿಗೆಗೆ ಬಾಯಲ್ಲಿ ಹೇಳಿದ್ದು ಎಲ್ಲ ಸರಿಯಾಗಿತ್ತು. ಬಾವಿಯಿಂದ ನೀರು ಸೇದಬಾರದು, ಅಡಿಕೆ ಗೋಣಿ ಎತ್ತಬಾರದು, ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗಬಾರದು, ವರ್ಷ ವರ್ಷ ಬಿಪಿ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ), ಮೂತ್ರ ನೋಡಿಸಬೇಕು. ಆದರೆ ಬರೆದುಕೊಟ್ಟ ಹಾಳೆಯಲ್ಲಿ ಬರೀ ಅಣ್ಣನ ಮದ್ದಿನ ಪಟ್ಟಿ, ಅತ್ತಿಗೆಯದ್ದು ಕೇಳಿದ ಮೇಲೆ ಪೆನ್ನಿನಲ್ಲಿ ಗೀಚಿ ಕೊಟ್ಟರು.

ಐದರಲ್ಲಿ ಮೂರೂವರೆ. ಆ ಹಿರಿಯ ಸಿಸ್ಟರ್ ಇಲ್ಲದಿದ್ದರೆ ಎರಡು. ಹೋಗುವವರು ಕೊಡುವವರ ಹತ್ತಿರ ಕೂರಲು ಬೇರೆಯೇ ಒಬ್ಬರನ್ನು ಕರೆದುಕೊಂಡು ಹೋಗಿ, ಮತ್ತು ಅವರ ಡಿಸ್ಚಾರ್ಜ್ ಹಾಳೆಯನ್ನು ಮೊದಲೇ ಕೇಳಿ ಇಡಿ.