ಡುರಸ್‌ಗೆ ಹೋಗಿ, ಆದರೆ ‘ಊಟ, ವೈನ್, ವಾಸ್ತುಶಿಲ್ಪ’ ಪ್ಯಾಕೇಜ್ ಮಾತ್ರ ಬೇಡ

ಯುರೋಪಿನಲ್ಲಿರುವ ನಮ್ಮವರು ಈಗೀಗ ಅಲ್ಬೇನಿಯಾ ಕಡೆ ಜಾಸ್ತಿ ಹೋಗುತ್ತಿದ್ದಾರೆ. ವಿಮಾನದ ಟಿಕೆಟ್ ಅಗ್ಗ, ಸಮುದ್ರ ಚೆನ್ನಾಗಿದೆ, ಇಟಲಿಗಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ ಅನ್ನುತ್ತಾರೆ. ಅದೇನೂ ಸುಳ್ಳಲ್ಲ. ನಾವೂ ಅದಕ್ಕೇ ಹೋಗಿದ್ದು. ಊರಿನ ಮೇಲೆ ನನಗೆ ದೂರಿಲ್ಲ. ದೂರು ಇರುವುದು ನಾವು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿದ ಒಂದು ದಿನದ ಟೂರ್ ಮೇಲೆ. ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಇದೇ ಥರದ ಜಾಹೀರಾತು ಬೇರೆ ಬೇರೆ ಹೆಸರಲ್ಲಿ ಹತ್ತಾರು ಕಾಣಿಸುತ್ತವೆ.

ಡುರಸ್ ಗೊತ್ತಿಲ್ಲದವರಿಗೆ ಎರಡು ಮಾತು. ಏಡ್ರಿಯಾಟಿಕ್ ಸಮುದ್ರದ ದಂಡೆಯಲ್ಲಿರುವ ಅಲ್ಬೇನಿಯಾದ ದೊಡ್ಡ ಬಂದರು. ರಾಜಧಾನಿ ಟಿರಾನಾದಿಂದ ಸುಮಾರು 35 ಕಿಲೋಮೀಟರ್. ಗ್ರೀಕರು ಕ್ರಿ.ಪೂ. 627ರಲ್ಲಿ ಕಟ್ಟಿದ ಊರು ಅಂತ ಹೇಳುತ್ತಾರೆ. ಆಗ ಎಪಿಡಾಮ್ನೋಸ್, ರೋಮನ್ನರ ಕಾಲಕ್ಕೆ ಡಿರಾಕಿಯಂ. ಈಗಿನ ಇಸ್ತಾಂಬುಲ್‌ವರೆಗೆ ಹೋಗುತ್ತಿದ್ದ ರೋಮನ್ ಹೆದ್ದಾರಿ ವಿಯಾ ಇಗ್ನಾಟಿಯಾ ಶುರುವಾಗುತ್ತಿದ್ದ ಜಾಗಗಳಲ್ಲಿ ಇದೂ ಒಂದು. ಇಷ್ಟು ಹಳೇ ಊರನ್ನು ಮಾರುವುದು ಸುಲಭ, ಅಲ್ವಾ?

ಜಾಹೀರಾತಿನ ಮೊದಲ ಚಿತ್ರದಲ್ಲೇ ಮೋಸ ಇತ್ತು. ಕಪ್ಪು ಹಿನ್ನೆಲೆಯಲ್ಲಿ ಹೂಬಳ್ಳಿಗಳ ನಡುವೆ ಒಬ್ಬ ಹೆಂಗಸಿನ ಮುಖ, ಬಣ್ಣ ಬಣ್ಣದ ಬೆಣಚುಕಲ್ಲುಗಳಲ್ಲಿ ಮಾಡಿದ್ದು. ‘ಡುರಸ್‌ನ ಸುಂದರಿ’ ಅಂತಲೇ ಅದಕ್ಕೆ ಹೆಸರು. ಕ್ರಿ.ಪೂ. 4ನೇ ಶತಮಾನದ್ದು, 1918ರಲ್ಲಿ ಸಿಕ್ಕಿದ್ದು. ಸಿಕ್ಕಿದ್ದೇನೋ ಡುರಸ್‌ನಲ್ಲೇ. ಆದರೆ ಅದನ್ನು ಇಟ್ಟಿರುವುದು ಟಿರಾನಾದ ರಾಷ್ಟ್ರೀಯ ಇತಿಹಾಸ ಮ್ಯೂಸಿಯಂನಲ್ಲಿ! ಡುರಸ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ‘ಮೊಸಾಯಿಕ್ ಯಾವಾಗ ತೋರಿಸ್ತೀರಿ?’ ಅಂತ ನಾನು ಗೈಡ್‌ನನ್ನು ಕೇಳಿದರೆ, ‘ಅದು ಟಿರಾನಾದಲ್ಲಿ ಮೇಡಂ’ ಅಂದ. ಇದು ಎಲ್ಲರಿಗೂ ಗೊತ್ತಿರುವ ವಿಷಯ ಅನ್ನುವ ಧಾಟಿ ಬೇರೆ. ಅದನ್ನು ನೋಡಲೇಬೇಕು ಅನ್ನುವವರು ಆ ಮ್ಯೂಸಿಯಂ ತೆರೆದಿದೆಯಾ ಅಂತ ವಿಚಾರಿಸಿಕೊಂಡೇ ಟಿರಾನಾಗೆ ಹೊರಡಿ.

ಮುಂದಿನ ನಿಲ್ದಾಣ ಆಂಫಿಥಿಯೇಟರ್, ಅಂದರೆ ರೋಮನ್ನರ ಕಾಲದ ಬಯಲು ಕ್ರೀಡಾಂಗಣ. ಕ್ರಿ.ಶ. 2ನೇ ಶತಮಾನದ್ದು, ಹದಿನೈದು ಇಪ್ಪತ್ತು ಸಾವಿರ ಜನ ಕೂರುತ್ತಿದ್ದರಂತೆ. ಬಾಲ್ಕನ್ ಪ್ರದೇಶದಲ್ಲೇ ದೊಡ್ಡವುಗಳಲ್ಲಿ ಒಂದು. ವ್ಯಾನ್ ರಸ್ತೆ ಬದಿಯಲ್ಲಿ ನಿಂತಿತು. ಬೇಲಿಯ ಆಚೆಯಿಂದ ಫೋಟೋ ತೆಗೆದುಕೊಳ್ಳಿ ಅಂದರು. ‘ಏನಮ್ಮಾ, ಇಷ್ಟೇನಾ?’ ಅಂದರು ನಮ್ಮ ಅತ್ತೆ. ಒಳಗೆ ಯಾಕೆ ಬಿಡುವುದಿಲ್ಲ ಅಂತ ಕೇಳಿದ್ದಕ್ಕೆ ಗೈಡ್ ಕೊಟ್ಟ ಕಾರಣ ಭೂಕಂಪ. ಭೂಕಂಪ ಆಗಿದ್ದು ನಿಜ. 2019ರ ನವೆಂಬರ್ 26ರಂದು, 6.4ರ ತೀವ್ರತೆಯದು. 51 ಜನ ಸತ್ತರು, ಡುರಸ್‌ನಲ್ಲೇ ಹೋಟೆಲ್‌ಗಳು ಕುಸಿದವು. ಆದರೆ ಅವನು ಅದನ್ನು ಹೇಳುತ್ತಿರುವಾಗಲೇ ಅವನ ಹಿಂದೆ ಜನ ಟಿಕೆಟ್ ತೆಗೆದುಕೊಂಡು ಆರಾಮಾಗಿ ಒಳಗೆ ಹೋಗುತ್ತಿದ್ದರು. ವಿಷಯ ಇಷ್ಟೇ, ಜಾಹೀರಾತಿನಲ್ಲಿ ಸೇರಿದೆ ಅಂತಿದ್ದ ಟಿಕೆಟ್ಟನ್ನು ಅವರು ತೆಗೆದಿರಲಿಲ್ಲ. ಅಷ್ಟು ಜನ ಸತ್ತ ಭೂಕಂಪವನ್ನು ಒಂದು ಟಿಕೆಟ್ ಉಳಿಸುವುದಕ್ಕೆ ನೆಪ ಮಾಡಿಕೊಂಡಿದ್ದು ನನಗೆ ಎಲ್ಲಕ್ಕಿಂತ ಕೆಟ್ಟದ್ದು ಅನ್ನಿಸಿತು.

ವೈನ್ ವಿಷಯಕ್ಕೆ ಬರೋಣ. ಟಿರಾನಾ ಮತ್ತು ಡುರಸ್ ಸುತ್ತಿನ ಗುಡ್ಡಗಳಲ್ಲಿ ಅಲ್ಬೇನಿಯಾದ್ದೇ ಆದ ಎರಡು ದ್ರಾಕ್ಷಿ ತಳಿಗಳನ್ನು ಬೆಳೆಯುತ್ತಾರೆ. ಬಿಳಿಯದು ಶೆಷ್ ಇ ಬಾರ್ಧ್, ಕಪ್ಪು ಶೆಷ್ ಇ ಝೀ. ದ್ರಾಕ್ಷಿ ತೋಟಕ್ಕೇ ಕರೆದುಕೊಂಡು ಹೋಗಿ ಇವನ್ನು ಕುಡಿಸುತ್ತೇವೆ ಅಂತ ಜಾಹೀರಾತಿನಲ್ಲಿ ಬರೆದಿತ್ತು. ಹೋಗಿದ್ದು ಹೆದ್ದಾರಿ ಪಕ್ಕದ ಒಂದು ನೆನಪಿನ ಕಾಣಿಕೆ ಅಂಗಡಿಗೆ. ಫ್ರಿಜ್ ಮ್ಯಾಗ್ನೆಟ್, ಎರಡು ತಲೆಯ ಹದ್ದಿನ ಟೀ ಶರ್ಟ್, ಬಂಕರ್ ಆಕಾರದ ಬೂದಿ ಬಟ್ಟಲು, ಇವುಗಳ ಮಧ್ಯೆ ಒಂದು ಮೇಜು. ಲೇಬಲ್ ಇಲ್ಲದ ಪ್ಲಾಸ್ಟಿಕ್ ಬಾಟಲಿಯಿಂದ ಪ್ಲಾಸ್ಟಿಕ್ ಲೋಟಕ್ಕೆ ಎರಡು ಗುಟುಕು. ಯಾವ ದ್ರಾಕ್ಷಿ ಅಂತ ಕೇಳಿದರೆ ‘ಮನೆಯಲ್ಲಿ ಮಾಡಿದ್ದು’ ಅನ್ನುವುದಷ್ಟೇ ಉತ್ತರ. ಆಮೇಲೆ ಅದೇ ಬಾಟಲಿ ಕೊಳ್ಳಿ ಅಂತ ಬೆನ್ನು ಬಿದ್ದರು. ನಮ್ಮವರು ಬೇಡ ಅಂತ ತಲೆ ಅಲ್ಲಾಡಿಸಿದಷ್ಟೂ ಅಂಗಡಿಯ ಅಜ್ಜ ಖುಷಿಯಾಗಿ ಇನ್ನೊಂದು ಬಾಟಲಿ ತೆಗೆದಿಡುತ್ತಿದ್ದ. ಅಲ್ಲಿಯ ಹಿರಿಯರು ಹೌದು ಅನ್ನುವುದಕ್ಕೆ ತಲೆ ಅಡ್ಡಡ್ಡ ಆಡಿಸುತ್ತಾರೆ ಅಂತ ನಮಗೆ ಆಮೇಲೆ ತಿಳಿಯಿತು. ಇದರಲ್ಲಿ ಅಜ್ಜನ ತಪ್ಪೇನಿಲ್ಲ ಬಿಡಿ. ನೀವು ಮಾತ್ರ ಬೇಡ ಅನ್ನುವುದನ್ನು ಬಾಯಿಬಿಟ್ಟು ಹೇಳಿ. ‘ಯೋ’ ಅಂದರೆ ಸಾಕು.

ಊಟದಲ್ಲಿ ಜೇಬಿಗೆ ನಿಜವಾದ ಕತ್ತರಿ ಬಿತ್ತು. ‘ಸಮುದ್ರದಂಡೆಯಲ್ಲಿ ಊಟ ಸೇರಿದೆ’ ಅಂತ ಬರೆದಿತ್ತು. ಸೇರಿದ್ದು ಬ್ರೆಡ್ಡು ಮತ್ತು ಒಂದು ತಟ್ಟೆ ಸಲಾಡ್. ಉಳಿದದ್ದೆಲ್ಲ ನಮ್ಮ ಖರ್ಚು. ಮೆನು ಕಾರ್ಡ್ ಕೊಡಲಿಲ್ಲ. ಬದಲಿಗೆ ಮಾಣಿ ಐಸ್ ಮೇಲೆ ಮೀನು ಜೋಡಿಸಿದ ತಟ್ಟೆ ತಂದು ತೋರಿಸಿದ. ಲೆವ್ರೆಕ್, ಕೊತ್ಸ, ಅಂದರೆ ಸೀ ಬಾಸ್, ಸೀ ಬ್ರೀಮ್. ‘ಇದು ಇವತ್ತಿನದು, ಇದನ್ನೇ ತಗೊಳ್ಳಿ’ ಅಂದ. ಅಲ್ಲಿ ಮೀನನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಅದು ಮೋಸವಲ್ಲ, ಆ ಕಡಲತೀರದ ಪದ್ಧತಿ. ಮೋಸ ಆಗುವುದು ತೂಕ ಹಾಕುವುದನ್ನು ತೋರಿಸದೇ ಇದ್ದಾಗ. ನಮ್ಮ ಮೀನು ಅಡುಗೆಮನೆಗೆ ಹೋಯಿತು, ಬೆಂದು ಬಂತು. ಆಮೇಲೆ ಒಂದು ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದ ಒಂದು ಮೊತ್ತ ಬಂತು. ಯಾವುದು ಎಷ್ಟು ಕಿಲೋ, ಕಿಲೋಗೆ ಎಷ್ಟು, ಒಂದೂ ಇಲ್ಲ.

ನನ್ನ ಗಂಡ ಹಟ ಬಿಡಲಿಲ್ಲ. ಕ್ಯೂಆರ್ ಕೋಡ್ ಇರುವ ಪ್ರಿಂಟ್ ಬಿಲ್ಲೇ ಬೇಕು ಅಂತ ಕೂತರು. ಅಲ್ಬೇನಿಯಾದಲ್ಲಿ 2021ರಿಂದ ಪ್ರತಿ ಮಾರಾಟವೂ ತೆರಿಗೆ ಇಲಾಖೆಯ ವ್ಯವಸ್ಥೆಯಲ್ಲಿ ದಾಖಲಾಗಬೇಕು, ಬಿಲ್ ಮೇಲೆ ಆ ಕೋಡ್ ಇರಬೇಕು. ‘ಕುಪೋನ್’ ಅಂತ ಕೇಳಿದರೆ ಅವರಿಗೆ ಅರ್ಥವಾಗುತ್ತದೆ. ಮಾಣಿ ಒಳಗೆ ಹೋದ. ಮಾಲೀಕ ಬಂದ, ಮಷಿನ್ ಕೆಟ್ಟಿದೆ ಅಂದ. ನಾವು ಕಾಯ್ತೀವಿ ಅಂದೆವು. ಕೆಟ್ಟ ಮಷಿನ್ ಅರ್ಧ ಕಾಫಿ ಕುಡಿಯುವಷ್ಟರಲ್ಲಿ ಸರಿಹೋಯಿತು. ಪ್ರಿಂಟ್ ಆಗಿ ಬಂದ ಬಿಲ್ ಚೀಟಿಗಿಂತ ನಾಲ್ಕು ಸಾವಿರ ಲೆಕ್ ಕಡಿಮೆ! ಒಂದು ಯೂರೋಗೆ ಹೆಚ್ಚುಕಡಿಮೆ ನೂರು ಲೆಕ್ ಅಂತಿಟ್ಟುಕೊಳ್ಳಿ, ನಲವತ್ತು ಯೂರೋ ವ್ಯತ್ಯಾಸ. ಕೇಳದೇ ಇದ್ದಿದ್ದರೆ ಹೋಗುತ್ತಿತ್ತು.

ಅಲ್ಲಿಗೆ ಟೂರ್ ಮುಗೀತು ಅಂತ ಹೇಳಿ ಬೀಚ್ ಹತ್ತಿರವೇ ಇಳಿಸಿ ಹೋದರು. ಹಳೇ ಊರಿನಲ್ಲಿದ್ದ ನಮ್ಮ ಹೋಟೆಲ್‌ಗೆ ಟ್ಯಾಕ್ಸಿ ಹಿಡಿಯಬೇಕಾಯಿತು. ದಯವಿಟ್ಟು ಈ ಭಾಗ ಗಮನವಿಟ್ಟು ಓದಿ. ಡ್ರೈವರ್ ‘ಹತ್ತು ಸಾವಿರ’ ಅಂದ. ಜೊತೆಗಿದ್ದ ಗೆಳೆಯರು ಎಟಿಎಂನಿಂದ ಬಂದಿದ್ದ ಹತ್ತು ಸಾವಿರದ ನೋಟು ಕೊಟ್ಟರು. ಅವನು ಮಡಚಿ ಜೇಬಿಗಿಟ್ಟು ಹೊರಟ. ಹೋಟೆಲ್ ರಿಸೆಪ್ಷನ್‌ನಲ್ಲಿದ್ದ ಹುಡುಗಿಗೆ ಹೇಳಿದಾಗ ತಲೆ ಚಚ್ಚಿಕೊಂಡಳು. ಅಲ್ಲಿ 1965ರಲ್ಲಿ ನಾಣ್ಯ ಬದಲಾಯಿಸಿದಾಗ ಹತ್ತು ಹಳೇ ಲೆಕ್‌ಗೆ ಒಂದು ಹೊಸ ಲೆಕ್ ಮಾಡಿದರು. ಜನರ ಬಾಯಲ್ಲಿ ಮಾತ್ರ ಹಳೇ ಲೆಕ್ಕ ಇವತ್ತಿಗೂ ಹೋಗಿಲ್ಲ. ಆಗ ಹುಟ್ಟಿಯೇ ಇರದ ಹುಡುಗರೂ ಒಂದು ಸೊನ್ನೆ ಸೇರಿಸಿಯೇ ಮಾತಾಡುತ್ತಾರೆ. ಹತ್ತು ಸಾವಿರ ಅಂದರೆ ಅವನ ಲೆಕ್ಕದಲ್ಲಿ ಒಂದು ಸಾವಿರ, ಹತ್ತು ಯೂರೋ. ಕೊಟ್ಟಿದ್ದು ನೂರು ಯೂರೋ. ಹಳೇ ಲೆಕ್ಕ ಹೇಳಿದ್ದು ಅಭ್ಯಾಸ ಇರಬಹುದು, ನೋಟು ನೋಡಿಯೂ ಸುಮ್ನೆ ಜೇಬಿಗಿಟ್ಟಿದ್ದು ಅಭ್ಯಾಸ ಅಲ್ಲ.

ಹಾಗಾಗಿ ಅಲ್ಲಿ ಬಾಯಿಮಾತಿನ ಬೆಲೆಗೆ ದುಡ್ಡು ತೆಗೆಯಲೇಬೇಡಿ. ಫೋನಿನ ಕ್ಯಾಲ್ಕುಲೇಟರ್ ಮುಂದೆ ಹಿಡಿದು ಒತ್ತಿಸಿ. ಎಷ್ಟೋ ಕಡೆ ಕಾರ್ಡ್ ನಡೆಯುವುದಿಲ್ಲ, ನಗದು ಬೇಕೇ ಬೇಕು. ಎಟಿಎಂ ಪರದೆ ಮೇಲೆ ‘ನಿಮ್ಮ ಕರೆನ್ಸಿಯಲ್ಲಿ ಕಡಿತ ಮಾಡಲಾ’ ಅಂತ ಬಂದರೆ ಬೇಡ ಅನ್ನಿ, ಆ ದರದಲ್ಲಿ ನಷ್ಟ ನಿಮಗೇ. ಇನ್ನೊಂದು, ಅಲ್ಬೇನಿಯಾ ಯುರೋಪಿಯನ್ ಯೂನಿಯನ್‌ನಲ್ಲೂ ಇಲ್ಲ, ಒಂದೇ ವೀಸಾದಲ್ಲಿ ಓಡಾಡಬಹುದಾದ ಷೆಂಗೆನ್ ದೇಶಗಳ ಕೂಟದಲ್ಲೂ ಇಲ್ಲ. ಜರ್ಮನಿಯ ಸಿಮ್ ಇದೆಯಲ್ಲ ಅಂತ ಡೇಟಾ ಆನ್ ಮಾಡಿಟ್ಟರೆ ಬಿಲ್ ನೋಡಿ ಅಳಬೇಕಾಗುತ್ತದೆ. ಊರಿನಿಂದ ಒಂದೇ ಸಲದ ಪ್ರವೇಶದ ಷೆಂಗೆನ್ ವೀಸಾದಲ್ಲಿ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಡಿ. ಹೊರಗೆ ಹೋದರೆ ಆ ವೀಸಾದಲ್ಲಿ ಮತ್ತೆ ಒಳಗೆ ಬರುವ ಹಾಗಿಲ್ಲ. ನಮ್ಮ ಅತ್ತೆಯದು ಮಲ್ಟಿಪಲ್ ಎಂಟ್ರಿ ಇದ್ದಿದ್ದಕ್ಕೆ ಬಚಾವ್.

ಮಾರನೇ ದಿನ ನಾವೇ ನಡೆದು ನೋಡಿದೆವು. ಯಾವ ಗೈಡೂ ಇಲ್ಲ, ವ್ಯಾನೂ ಇಲ್ಲ. ಬಂದರಿನ ಹತ್ತಿರ ದುಂಡಗಿನ ವೆನಿಸ್ ಗೋಪುರ. ಅಲ್ಲಿಂದ ಮೇಲಕ್ಕೆ ಕೋಟೆ ಗೋಡೆ. ಪೂರ್ವ ರೋಮನ್ ಚಕ್ರವರ್ತಿ ಅನಸ್ತಾಸಿಯಸ್ ಕಾಲದ್ದು ಅದು. ಕ್ರಿ.ಶ. 491ರಿಂದ 518ರವರೆಗೆ ಆಳಿದ ಅವನು ಇದೇ ಊರಿನ ಮಗ. ಗೋಡೆ ಹಿಡಿದು ನಡೆದರೆ ಆಂಫಿಥಿಯೇಟರ್. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ, ಕತ್ತಲೆಯ ಓಣಿಗಳಲ್ಲಿ ಇಳಿಯಿರಿ. ಪ್ರಾಣಿಗಳೂ ಮನುಷ್ಯರೂ ಹೊಡೆದಾಡಿ ಸಾಯುತ್ತಿದ್ದ ಜಾಗದಲ್ಲೇ ಆಮೇಲೆ ಒಂದು ಪುಟ್ಟ ಚರ್ಚ್ ಮಾಡಿಕೊಂಡಿದ್ದಾರೆ. ಅದರ ಮೊಸಾಯಿಕ್ ನೆಲದ ಮೇಲಲ್ಲ, ಗೋಡೆ ಮೇಲಿದೆ. ಹತ್ತಿರ ಹೋದರೆ ಸಣ್ಣ ಸಣ್ಣ ಚೌಕದ ಕಲ್ಲುಗಳು, ಅಲ್ಲಲ್ಲಿ ಉದುರಿ ಹೋಗಿ ಬರೀ ಗಾರೆ. ನಾಲ್ಕು ಹೆಜ್ಜೆ ಹಿಂದೆ ಬಂದರೆ ದೊಡ್ಡ ಕಣ್ಣಿನ ಸಂತರು, ದೇವದೂತರು. 1966ರಲ್ಲಿ ಅಗೆಯುವ ತನಕ ಇದೆಲ್ಲ ಮನೆಗಳ ಕೆಳಗಿತ್ತು. ಒಂದು ಭಾಗದ ಮೇಲೆ ಈಗಲೂ ಮನೆಗಳಿವೆ, ಎರಡು ಸಾವಿರ ವರ್ಷದ ಕಲ್ಲಿನ ಮೇಲೆ ಬಟ್ಟೆ ಒಣಗುತ್ತಿರುತ್ತದೆ. ಅತ್ತೆ ಅಲ್ಲಿಂದ ಏಳಲೇ ಇಲ್ಲ.

ಊಟಕ್ಕೂ ತಾಪತ್ರಯ ಇಲ್ಲ. ಊರೊಳಗಿನ ಬೇಕರಿಯಲ್ಲಿ ಪಾಲಕ್ ಅಥವಾ ಚೀಸ್ ತುಂಬಿದ ಬ್ಯುರೆಕ್, ಅಂದರೆ ತೆಳು ಪದರಗಳ ತಿಂಡಿ, ಬಿಸಿಬಿಸಿ ಸಿಗುತ್ತದೆ. ಜೊತೆಗೆ ಧಾಲ ಕೇಳಿ, ಅದು ನಮ್ಮ ಉಪ್ಪು ಹಾಕಿದ ಮಜ್ಜಿಗೆಯೇ. ಸಸ್ಯಾಹಾರಿಗಳು ಫರ್ಗೆಸ ತಿನ್ನಬಹುದು, ದಪ್ಪ ಮೆಣಸಿನಕಾಯಿ, ಟೊಮ್ಯಾಟೊ, ಚೀಸ್ ಹಾಕಿ ಬೇಯಿಸಿದ್ದು. ಕೆಲವು ಕಡೆ ಅದಕ್ಕೆ ಮಾಂಸ ಹಾಕುತ್ತಾರೆ, ಕೇಳಿಕೊಂಡು ತಿನ್ನಿ. ಮಾಂಸ ತಿನ್ನುವವರು ಮೊಸರಿನಲ್ಲಿ ಬೇಯಿಸಿದ ಕುರಿಮರಿ ಮಾಂಸದ ತಾವ ಕೋಸಿ ಬಿಡಬೇಡಿ. ವೈನ್ ಬೇಕಿದ್ದರೆ ಲೇಬಲ್ ನೋಡಿ ತಳಿಯ ಹೆಸರು ಹೇಳಿಯೇ ಕೇಳಿ. ಶೆಷ್ ಇ ಝೀ ಇಲ್ಲದಿದ್ದರೆ ಉತ್ತರದ ಕಡೆಯ ಕಲ್ಮೆಟ್.

ಟೂರ್ ಮಾರಿದವರಿಗೆ ಆಂಫಿಥಿಯೇಟರ್‌ನ ಟಿಕೆಟ್, ಮೀನಿನ ಚೀಟಿ, ಬಿಲ್, ಎಲ್ಲದರ ಫೋಟೋ ಸಮೇತ ಬರೆದೆ. ‘ಚಿತ್ರಗಳು ಸಾಂಕೇತಿಕ, ಒಳಗಿನ ಪ್ರವೇಶಕ್ಕೆ ಭರವಸೆ ಕೊಟ್ಟಿಲ್ಲ’ ಅಂತ ಉತ್ತರ ಬಂತು. ಜಾಹೀರಾತಿನ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಟ್ಟಿದ್ದೆ, ಅದರಲ್ಲಿ ‘ಪ್ರವೇಶ ಸೇರಿದೆ’ ಅಂತ ಇದೆ. ಅದನ್ನಿಟ್ಟುಕೊಂಡು ಕಾರ್ಡ್ ಕೊಟ್ಟ ಬ್ಯಾಂಕಿಗೆ ದುಡ್ಡು ವಾಪಸ್ ಕೇಳಿ ಅರ್ಜಿ ಹಾಕಿದ್ದೇನೆ. ನೀವೂ ಬುಕ್ ಮಾಡುವ ಮೊದಲೇ ಜಾಹೀರಾತಿನ ಪುಟ ಪೂರ್ತಿ ಉಳಿಸಿಟ್ಟುಕೊಳ್ಳಿ. ನಮ್ಮ ದೂರು ಹೋದ ವಾರದಲ್ಲೇ ಆ ಪುಟದಿಂದ ಆ ಸಾಲು ಮಾಯವಾಗಿದೆ.